ಯಾರ ಮಗನೂ ಅಲ್ಲದವನು

ನ್ಯಾಯಾಧೀಶ ವಾರಿನ್ ಇಪ್ಪತ್ತಾರು ವರ್ಷ ರಾಜನ ನ್ಯಾಯಪೀಠದ ಮೇಲೆ ಕೂತವನು. ಕಟಕಟೆಯ ಈಚೆ ಬದಿಗೆ ನಿಂತದ್ದು ಮಾತ್ರ ಅದೇ ಮೊದಲು. ಅಲ್ಲಿ ಒದ್ದೆ ಉಣ್ಣೆಯ ವಾಸನೆ, ಕುರಿಕೊಬ್ಬಿನ ದೀಪದ ವಾಸನೆ, ಹೆದರಿದವರ ಬೆವರಿನ ವಾಸನೆ ಎಲ್ಲ ಸೇರಿ ಮೂಗಿಗೆ ಬಡಿಯುತ್ತದೆ. ಪೀಠದ ಮೇಲಿರುವವರಿಗೆ ಅದು ತಲುಪುವುದಿಲ್ಲ ಎನ್ನುವುದು ಅವನಿಗೆ ಐವತ್ತೆಂಟನೆಯ ವಯಸ್ಸಿನಲ್ಲಿ ಗೊತ್ತಾಯಿತು.

ದಾವೆ ಹೂಡಿದವನೂ ಅವನೇ. ಒಬ್ಬಳೇ ಮಗಳು ಇಡೋನಿಯಾಳ ಮದುವೆಗೆ ಬಳುವಳಿ ಕೊಡಲೆಂದು ನದಿಯಂಚಿನ ಒಂದು ಹುಲ್ಲುಗಾವಲನ್ನು ಕೊಂಡಿದ್ದ. ಪಕ್ಕದ ಜಮೀನಿನ ಒಡೆಯ ಸರ್ ಫುಲ್ಕ್ ಒಂದು ಬೆಳಗ್ಗೆ ಅದಕ್ಕೆ ಬೇಲಿ ಸುತ್ತಿಸಿ ತನ್ನ ಕುರಿಗಳನ್ನು ಬಿಟ್ಟ. ತೀರ್ಪು ಕೊಟ್ಟು ಊರಿನವರ ಎಷ್ಟೋ ಬೇಲಿ ಕೀಳಿಸಿದ ನ್ಯಾಯಾಧೀಶ ತನ್ನ ಹುಲ್ಲುಗಾವಲಿನ ಬೇಲಿಯನ್ನು ಸಹಿಸುತ್ತಾನೆಯೇ? ವಾರಿನ್ ಕೋರ್ಟಿಗೆ ಹೋದ. ಥಾರ್ನ್‌ಕೋಟ್ ಎಂಬ ಹಳ್ಳಿಯೂ ಇದೇ ಫುಲ್ಕನದು, ತಾನು ಹುಟ್ಟಿದ್ದು ಅದೇ ಹಳ್ಳಿಯ ಮಣ್ಣಿನ ಗುಡಿಸಲಲ್ಲಿ ಎನ್ನುವುದು ಅವನಿಗೆ ಮರೆತಿರಲಿಲ್ಲ. ಆದರೆ ನಲವತ್ತು ವರ್ಷವಾಗಿದೆ, ಬೇರೆಯವರು ಮರೆತಿರುತ್ತಾರೆ ಎಂದುಕೊಂಡ. ಬುದ್ಧಿವಂತರಿಗೆ ಹಿಡಿಯುವ ಮಂಕು ಇಂಥದ್ದೇ.

ಅವನ ಮನೆಯ ದೊಡ್ಡ ಕೋಣೆಯಲ್ಲಿ ಒಂದು ವಂಶಾವಳಿ ತೂಗುತ್ತಿತ್ತು. ಆಳುದ್ದದ ಕುರಿತೊಗಲು. ಎಲ್ಲಕ್ಕಿಂತ ಮೇಲೆ, ಈ ನಾಡನ್ನು ಗೆದ್ದ ರಾಜನ ಜೊತೆ ಕಡಲು ದಾಟಿ ಬಂದ ಒಬ್ಬ ಕುದುರೆ ಸರದಾರ, ಅವನ ಕೈಯಲ್ಲಿ ಕೆಂಪು ಗಿಡುಗ. ಕೆಳಗೆ ಅವನ ಮಗ, ಮೊಮ್ಮಗ, ಮರಿಮಗ, ಕಟ್ಟಕಡೆಗೆ ವಾರಿನ್. ಒಂದು ಪೀಪಾಯಿ ದ್ರಾಕ್ಷಾರಸಕ್ಕೆ ಒಬ್ಬ ಸನ್ಯಾಸಿ ಒಂದು ಚಳಿಗಾಲವೆಲ್ಲ ಕೂತು ಇವರನ್ನೆಲ್ಲ ಹುಟ್ಟಿಸಿದ್ದ. ಅದರಲ್ಲೊಬ್ಬ ಮುತ್ತಾತ ಪವಿತ್ರ ನಾಡಿನ ಧರ್ಮಯುದ್ಧದಲ್ಲಿ ಬಾಣ ತಗಲಿ ಸತ್ತಿದ್ದ. ಊಟಕ್ಕೆ ಬಂದವರಿಗೆ ಆ ಕಥೆ ಹೇಳಿ ಹೇಳಿ ಕೊನೆಕೊನೆಗೆ ವಾರಿನ್‌ನ ಕಣ್ಣಲ್ಲೇ ನೀರು ಬರುತ್ತಿತ್ತು. ನಿಜವಾದ ಅಪ್ಪ, ಥಾರ್ನ್‌ಕೋಟಿನ ಜೀತದಾಳು ಗಾಡ್ವಿನ್ ಸತ್ತಾಗ ಬಂದ ಸುದ್ದಿಗೆ ಅವನು ಉತ್ತರವನ್ನೂ ಕಳಿಸಿರಲಿಲ್ಲ.

ಸರ್ ಫುಲ್ಕ್ ಕೋರ್ಟಿನಲ್ಲಿ ಹುಲ್ಲುಗಾವಲಿನ ಮಾತನ್ನೇ ಎತ್ತಲಿಲ್ಲ.

“ಸ್ವಾಮಿ, ನನ್ನ ಹಟ್ಟೀಲಿ ಹುಟ್ಟಿದ ಎತ್ತು ನನ್ನ ಮೇಲೇ ದಾವೆ ಹಾಕಿದ್ರೆ ಅದಕ್ಕೆ ನಾನು ಉತ್ತರ ಕೊಡ್ಬೇಕಾ?” ಎಂದ. “ಈ ಮನುಷ್ಯ ನನ್ನ ಜೀತದವನು. ಇವನ ಅಪ್ಪ ನಮ್ಮ ತಾತನ ಜೀತದವನು. ಜೀತದವನಿಗೆ ಹುಲ್ಲುಗಾವಲು ಎಲ್ಲಿಂದ ಬಂತು? ಇವನದೆಲ್ಲಾ ನಂದೇ. ಮೈಮೇಲಿನ ಆ ತುಪ್ಪಟದ ನಿಲುವಂಗಿನೂ ನಂದೇ.”

ಜನ ಕಿಸಕ್ಕೆಂದರು. ಪೀಠದ ಮೇಲೆ ಕೂತಿದ್ದ ಲ್ಯಾಂಬರ್ಟ್ ವಾರಿನ್‌ನ ಹಳೆಯ ಜೊತೆಗಾರ, ಆ ಬಾಣದ ಕಥೆಯನ್ನು ಹತ್ತು ಸಲವಾದರೂ ಕೇಳಿದವನು. ಅವನು ಕೆಮ್ಮಿ, “ಸಂಬಂಧಿಕರನ್ನ ತಂದಿದೀರಾ?” ಎಂದು ಕೇಳಿದ.

ಅದು ಅಲ್ಲಿನ ಕಾನೂನು. ಒಬ್ಬ ಜೀತದವನು ಎಂದು ಸಾಧಿಸಬೇಕಾದರೆ ಒಡೆಯನ ಮಾತು ಸಾಲದು. ಅವನದೇ ರಕ್ತದ ಗಂಡಸರು ಇಬ್ಬರು ಕೋರ್ಟಿಗೆ ಬಂದು, ತಾವು ಜೀತದವರೆಂದು ಒಪ್ಪಿಕೊಂಡು, ಇವನು ನಮ್ಮವನು ಎನ್ನಬೇಕು. ಹೆಂಗಸರ ಮಾತು ನಡೆಯದು. ಯಾರಿಗೆ ಯಾರು ಹುಟ್ಟಿದರು ಎನ್ನುವ ವಿಷಯದಲ್ಲಿ ಹೆತ್ತವಳಿಗಿಂತ ಹೆಚ್ಚು ಬಲ್ಲವರು ಯಾರೋ, ಆ ಕಾನೂನು ಮಾಡಿದ ಗಂಡಸರೇ ಹೇಳಬೇಕು.

ಇಬ್ಬರು ಬಂದರು. ಮುಂದಿದ್ದವನು ವಾರಿನ್‌ನ ತಮ್ಮ ಸೀವಾರ್ಡ್, ಹಿಂದಿದ್ದವನು ಸೀವಾರ್ಡನ ಬೆಳೆದು ನಿಂತ ಮಗ. ಸೀವಾರ್ಡನ ಬಲಭುಜ ಎಡಕ್ಕಿಂತ ಅರ್ಧ ಗೇಣು ಕೆಳಗಿತ್ತು. ಅವನು ಟೋಪಿ ಕೈಯಲ್ಲಿ ಹಿಡಿದುಕೊಂಡು ನೆಟ್ಟಗೆ ವಾರಿನ್‌ನ ಮುಖವನ್ನೇ ನೋಡಿದ.

“ಇವರು ಯಾರು ಅಂತ ಗೊತ್ತೇನಪ್ಪಾ?” ಎಂದ ಲ್ಯಾಂಬರ್ಟ್.

“ಗೊತ್ತಿಲ್ದೆ ಏನ್ ಸ್ವಾಮಿ. ನಮ್ಮಣ್ಣ. ಮೂಗು ನೋಡಿ, ನಮ್ಮಪ್ಪನ ಮುಖದಿಂದ ಕಿತ್ ಮಡಗ್ದಂಗೈತೆ.”

ಮತ್ತೆ ನಗು. ಸೀವಾರ್ಡ್ ನಗಲಿಲ್ಲ.

“ಇವ್ನು ಓದೋಕ್ ಹೋಗ್ಬೇಕು ಅಂತ ನಮ್ಮಪ್ಪ ಆಗಿನ್ ಒಡೇರ್‌ಗೆ ಒಂದ್ ಎತ್ತು ಕೊಟ್ಟು ಅಪ್ಣೆ ತಗಂಡ ಸ್ವಾಮಿ. ಇದ್ದಿದ್ದೇ ಎರಡು. ಆ ವರ್ಷ ಕುಂಟೆಗೆ ಹಗ್ಗ ಕಟ್ಕೊಂಡು ಎಳ್ದೋನು ನಾನು. ಹನ್ನೊಂದ್ ವರ್ಷ ನಂಗೆ. ಅಂಗಿ ಬಿಚ್ಚಿ ಭುಜ ತೋರಿಸ್ಲಾ?”

“ಬೇಡ,” ಎಂದ ಲ್ಯಾಂಬರ್ಟ್.

“ಜೀತದೋರು ಅಂತ ಒಪ್ಕೋತೀಯಾ?” ಎಂದು ಫುಲ್ಕನ ವಕೀಲ ಕೇಳಿದ.

“ಒಪ್ಕೊಳ್ದೆ ಇದ್ರೆ ಬಿಡ್ತೀರಾ?” ಎಂದ ಸೀವಾರ್ಡ್. “ಹೂಂ, ಬರ್ಕಳಿ. ನಾನೂ ಜೀತದೋನು, ನನ್ ಮಗಾನೂ ಜೀತದೋನು. ಅಣ್ಣ ಒಬ್ಬ ಯಾಕ್ ತಪ್ಪಿಸ್ಕಬೇಕು?”

ಉತ್ತರ ಕೊಡಲು ವಾರಿನ್‌ಗೆ ಈಸ್ಟರ್ ಹಬ್ಬದ ನಂತರದವರೆಗೆ ಕಾಲ ಸಿಕ್ಕಿತು. ಸೋತರೆ ಏನಾಗುತ್ತದೆ ಎಂದು ಅವನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಮನೆ, ಹೊಲ, ಹುಲ್ಲುಗಾವಲು ಎಲ್ಲ ಫುಲ್ಕನ ಪಾಲು. ಇಡೋನಿಯಾ ಜೀತದವನ ಮಗಳು. ಅವಳನ್ನು ಯಾರಿಗೆ ಮದುವೆ ಮಾಡಬೇಕೆಂದು ಹೇಳುವವನು ಫುಲ್ಕ್, ಬೇಕಾದರೆ ತನ್ನ ಹಂದಿ ಕಾಯುವವನಿಗೇ ಕೊಟ್ಟಾನು.

ವಾರಿನ್‌ನ ವಕೀಲ ಹಮೋ ಚಿಕ್ಕ ವಯಸ್ಸಿನವನು, ಚುರುಕು. ಎರಡು ದಿನ ಹಳೆಯ ತೀರ್ಪುಗಳನ್ನೆಲ್ಲ ತಿರುವಿಹಾಕಿ ಬಂದ.

“ದಾರಿ ಒಂದೇ ಒಂದಿದೆ ಸ್ವಾಮಿ. ನೀವೇ ಹಾಕಿದ ದಾರಿ.”

“ಯಾವುದು?”

ಹಮೋ ತಡವರಿಸುತ್ತ ಹೇಳಿದ. “ಆ ಸಬೀನಾಳ ಮೊಕದ್ದಮೆ. ಹತ್ತೊಂಬತ್ತು ವರ್ಷದ ಹಿಂದಿನದು.”

ವಾರಿನ್‌ಗೆ ಆ ಹೆಂಗಸು ನೆನಪಾದಳು. ಮದುವೆಯಿಲ್ಲದೆ ಹೆತ್ತ ಮಗ ದುಡಿದು ಒಂದು ತುಂಡು ಹೊಲ ಮಾಡಿದ್ದ. ಅವನು ಸತ್ತ ಮೇಲೆ, ಹೆತ್ತವಳಿಗೆ ಅದು ಸೇರಬೇಕೆಂದು ಅವಳು ಕೇಳಿಕೊಂಡು ಬಂದಿದ್ದಳು. ವಾರಿನ್ ಕೊಡಲಿಲ್ಲ. ‘ಹಾದರಕ್ಕೆ ಹುಟ್ಟಿದವನಿಗೆ ತಂದೆಯಿಲ್ಲ, ತಾಯಿಯಿಲ್ಲ, ಕುಲವಿಲ್ಲ, ಕಾನೂನಿನ ಕಣ್ಣಲ್ಲಿ ಅವನು ಯಾರ ಮಗನೂ ಅಲ್ಲ’ ಎಂದು ತೀರ್ಪು ಬರೆಸಿದ. ಎಷ್ಟು ಚೊಕ್ಕದ ಮಾತು ಎಂದು ವಕೀಲರೆಲ್ಲ ತಮ್ಮ ತಮ್ಮ ಪುಸ್ತಕಕ್ಕೆ ಇಳಿಸಿಕೊಂಡರು. ಸಬೀನಾ ಕೋರ್ಟಿನ ಮೆಟ್ಟಿಲ ಮೇಲೆ ಸಂಜೆಯವರೆಗೂ ಕೂತಿದ್ದಳು. ಇವನು ಅವಳನ್ನು ದಾಟಿಕೊಂಡು ಊಟಕ್ಕೆ ಹೋಗಿದ್ದ.

“ಯಾರ ಮಗನೂ ಅಲ್ಲದವನಿಗೆ ಜೀತ ಎಲ್ಲಿಂದ ಬರುತ್ತೆ ಸ್ವಾಮಿ?” ಎಂದ ಹಮೋ. “ಅಪ್ಪನೇ ಇಲ್ಲ ಅಂದ ಮೇಲೆ ಅಪ್ಪನ ಜೀತ ಇಲ್ಲ. ತಮ್ಮ ಬಂದು ಏನು ಹೇಳಿದರೂ ಅವನು ತಮ್ಮನೇ ಅಲ್ಲ. ನಿಮ್ಮ ತಾಯಿ ಮದುವೆಗೆ ಮುಂಚೆ ನಿಮ್ಮನ್ನ ಹೆತ್ತರು ಅಂತ ಊರಿನ ಹನ್ನೆರಡು ಪಂಚರು ಪ್ರಮಾಣ ಮಾಡಿದರೆ ಸಾಕು. ಕೋರ್ಟಿನಲ್ಲಿ ನಿಮ್ಮ ತಾಯಿ ಮಾತು ನಡೆಯೋದಿಲ್ಲ, ನಿಜ. ಆದರೆ ಪಂಚರು ಊರಲ್ಲಿ ಯಾರನ್ನ ಬೇಕಾದರೂ ವಿಚಾರಿಸಬಹುದು.” ಆಮೇಲೆ ಕೇಳಿದ, “ಬದುಕಿದಾರಾ?”

ಬದುಕಿದ್ದಾಳೋ ಇಲ್ಲವೋ ವಾರಿನ್‌ಗೆ ಗೊತ್ತಿರಲಿಲ್ಲ.

ಬದುಕಿದ್ದಳು. ಅವನು ಮಧ್ಯಾಹ್ನದ ಹೊತ್ತಿಗೆ ಥಾರ್ನ್‌ಕೋಟ್ ತಲುಪಿದಾಗ ತಾಯಿ ಎಡಿವ ಗುಡಿಸಲ ಮುಂದೆ ಒಣಬಟಾಣಿ ಸುಲಿಯುತ್ತಿದ್ದಳು. ಕಣ್ಣು ಮಂಜಾಗಿತ್ತು. ಕುದುರೆಯ ಸಪ್ಪಳ ಕೇಳಿ ತಲೆಯೆತ್ತದೆಯೇ ರೇಗಿದಳು.

“ಮೊಟ್ಟೆ ಹೋದ್ ವಾರ್ವೇ ಕೊಟ್ಟಾಯ್ತು ಕಣಪ್ಪ. ಇನ್ನೇನ್ ಬೇಕಂತೆ ನಿಮ್ ಒಡೇರ್‌ಗೆ? ಕೋಳೀನೂ ಕುತ್ಗೆ ಮುರ್ದು ಕೊಡ್ಲಾ?”

“ಅವ್ವಾ, ನಾನು. ವಾರಿನ್.”

ಅವಳ ಕೈ ಬಟಾಣಿಯ ಮೇಲೆ ನಿಂತಿತು.

“ನಮ್ ವಾರಿನ್ನು ಓದೋಕ್ ಹೋದ,” ಎಂದಳು. “ನಲವತ್ ವರ್ಷದ್ ಮೇಲಾಯ್ತು. ಏನ್ಲಾ, ಓದಿ ಮುಗೀತಾ?”

ಅವಳೇ ಒಳಗೆ ಹೋಗಿ ಕಪ್ಪು ರೊಟ್ಟಿಯ ತುಂಡೊಂದನ್ನು ತಂದು ಚಾಚಿದಳು. “ತಿನ್ನು. ಮೇಲ್ಗಡೆ ಒಸಿ ಗಟ್ಟಿ, ಒಳಗೆ ಚೆನ್ನಾಗದೆ.”

“ಬೇಡ ಅವ್ವಾ. ಊಟ ಆಗಿದೆ.”

ಆಗಿರಲಿಲ್ಲ. ಬೆಳಗಿನಿಂದ ಹೊಟ್ಟೆಗೆ ಏನೂ ಬಿದ್ದಿರಲಿಲ್ಲ. ಎಡಿವ ರೊಟ್ಟಿಯನ್ನು ಮಡಿಲ ಬಟ್ಟೆಯಲ್ಲಿ ಸುತ್ತಿಟ್ಟುಕೊಂಡಳು. ಅವನು ಬಂದ ಕೆಲಸ ಹೇಳಿದ. ದಾವೆ, ಫುಲ್ಕ್, ಪಂಚರು ಎಲ್ಲವನ್ನೂ ಕೋರ್ಟಿನಲ್ಲಿ ಹೇಳುವ ಹಾಗೆ ಬಿಡಿಸಿ ಬಿಡಿಸಿ ಹೇಳಿದ. ಮುದುಕಿ ಕೊನೆಯವರೆಗೆ ಕೇಳಿಸಿಕೊಂಡಳು.

“ಅಂದ್ರೆ ನಾನ್ ಹಾದರಗಿತ್ತಿ ಅಂತ ನಾನೇ ಸಾರ್ಬೇಕು.”

“ಹಾಗಲ್ಲ ಅವ್ವಾ. ಮದುವೆಗೆ ಮುಂಚೆ ನಾನು ಹುಟ್ಟಿದೆ ಅಂತ. ಅಷ್ಟೇ.”

“ಅಷ್ಟೇ!” ಎಂದಳು ಎಡಿವ. “ಚರ್ಚಿನ್ ಬಾಗ್ಲಲ್ಲಿ ನಿಮ್ಮಪ್ಪ ಉಂಗ್ರ ಹಾಕಿ ಹನ್ನೊಂದ್ ತಿಂಗ್ಳಿಗೆ ನೀನ್ ಹುಟ್ಟಿದ್ದು ಕಣ್ಲಾ. ಗಂಡು ಅಂತ ಊರಿಗೆಲ್ಲಾ ಬಾರ್ಲಿ ಹೆಂಡ ಕುಡಿಸ್ದ ಆ ಬಡ್ಡೀಮಗ, ಮನೇಲಿ ಗಂಜಿಗ್ ಬಾರ್ಲಿ ಉಳೀಲಿಲ್ಲ.”

“ಅದನ್ನ ಬಲ್ಲವರು ಈಗ ಯಾರೂ ಬದುಕಿಲ್ಲ ಅವ್ವಾ. ವಿಚಾರಿಸಿದೀನಿ.”

“ನಾನ್ ಬದುಕಿಲ್ವೇನ್ಲಾ?”

ಅವನು ತಲೆ ತಗ್ಗಿಸಿದ. ಪೀಠದ ಮೇಲೆ ಕೂತು ಎಷ್ಟೋ ಜನರ ತಲೆ ತಗ್ಗಿಸಿದ್ದವನಿಗೆ ಕತ್ತು ಇಷ್ಟು ಸುಲಭವಾಗಿ ಬಾಗುತ್ತದೆಂದು ತಿಳಿದಿರಲಿಲ್ಲ. ಕಡೆಗೆ, “ನನಗೊಬ್ಬಳು ಮಗಳಿದಾಳೆ. ಸೋತರೆ ಅವಳೂ ಜೀತಕ್ಕೆ ಬೀಳ್ತಾಳೆ,” ಎಂದ.

“ಮಗ್ಳಾ?” ಮುದುಕಿಯ ಮುಖ ತಟ್ಟನೆ ಇವನ ಕಡೆಗೆ ತಿರುಗಿತು. “ಏನ್ ಹೆಸ್ರು?”

“ಇಡೋನಿಯಾ.”

ಎಡಿವ ಆ ಹೆಸರನ್ನು ಬಾಯಲ್ಲಿ ಎರಡು ಸಲ ಹೊರಳಿಸಿ ನೋಡಿ ಸೋತಳು. “ನಂಗ್ ಬಾಯಿಗ್ ಬರಲ್ಲ, ಹೋಗ್ಲಿ. ಹೇಳ್ತೀನಿ ಬಿಡು. ನಿನಗೋಸ್ಕರ ಅಲ್ಲ, ಆ ಮಗೀಗೆ. ಆದ್ರೆ ಒಂದ್ ಮಾತು ಕೊಡು.”

“ಏನು ಬೇಕು ಕೇಳು.”

“ನಾನ್ ಸತ್ತಾಗ ಚಟ್ಟಕ್ಕೆ ಹೆಗ್ಲು ಕೊಡೋಕೆ ಬಂದ್ಬಿಡು. ಹಿರೀಮಗ ನೀನು. ಮುಂದ್ಗಡೆ ಒಂದ್ ಕಡೆ ಸೀವಾರ್ಡು, ಇನ್ನೊಂದ್ ಕಡೆ ನೀನು. ಅವನ್ ಭುಜ ಸೊಟ್ಟ, ಜೊತೆಗೆ ಹೊರಗಿನೋರ್ ನಿಂತ್ರೆ ವಾಲಿಸ್ಬಿಡ್ತಾರೆ.”

ವಾರಿನ್ ಕುತ್ತಿಗೆಯ ಶಿಲುಬೆಯನ್ನು ಮುಟ್ಟಿ ಮಾತು ಕೊಟ್ಟ. ಪ್ರಮಾಣವೆಂದರೇನು ಎಂದು ಅವನಷ್ಟು ತಿಳಿದವರು ಆ ಸೀಮೆಯಲ್ಲಿ ಇನ್ನೊಬ್ಬರಿರಲಿಲ್ಲ.

ಮುಂದಿನ ಭಾನುವಾರ ಪೂಜೆ ಮುಗಿದ ಮೇಲೆ ಎಡಿವ ಚರ್ಚಿನ ಬಾಗಿಲಲ್ಲಿ ನಿಂತಳು, ಐವತ್ತೊಂಬತ್ತು ವರ್ಷದ ಹಿಂದೆ ಉಂಗುರ ತೊಟ್ಟ ಅದೇ ಬಾಗಿಲಲ್ಲಿ. ಹನ್ನೆರಡು ಪಂಚರು ಮತ್ತು ಇಡೀ ಊರು ಕೇಳುವಂತೆ, ತನ್ನ ಹಿರಿಯ ಮಗ ಮದುವೆಯಿಲ್ಲದ ಬಸಿರು, ಮದುವೆ ಆಮೇಲೆ ಆದದ್ದು ಎಂದಳು. ಯಾರೋ ಹುಡುಗಿ ನಕ್ಕಳು. ಮುದುಕಿ ಕೋಲೂರಿಕೊಂಡು, ಯಾರ ಕೈಯನ್ನೂ ಹಿಡಿಯದೆ ಮನೆಗೆ ಹೋದಳು.

ಈಸ್ಟರ್ ಕಳೆದು ತೀರ್ಪು ಬಂತು. ‘ಯಾರ ಮಗನೂ ಅಲ್ಲ, ಆದ್ದರಿಂದ ಸ್ವತಂತ್ರ’ ಎಂದು ಗುಮಾಸ್ತ ಬರೆದುಕೊಂಡ. ಲ್ಯಾಂಬರ್ಟ್ ತೀರ್ಪು ಓದುವಾಗ ವಾರಿನ್‌ನ ಹಳೆಯ ಮಾತನ್ನು ಒಂದಕ್ಷರ ಬಿಡದೆ, ಅವನ ಹೆಸರು ಹೇಳಿಯೇ ಓದಿದ. ಫುಲ್ಕ್ ಎದ್ದು ನಿಂತು, “ಅಪ್ಪ ಅಮ್ಮ ಇಲ್ಲದ ತಬ್ಬಲಿ ಕೂಸು, ಪಾಪ. ಹುಲ್ಲುಗಾವಲು ಕೊಟ್ಟುಬಿಡಿ, ಮೇಯ್ಲಿ,” ಎಂದ.

ಹೊರಗೆ ಮೆಟ್ಟಿಲ ಮೇಲೆ ಸೀವಾರ್ಡ್ ಅಡ್ಡ ನಿಂತಿದ್ದ.

“ಅಂದ್ರೆ ಅಪ್ಪಂಗ್ ಹುಟ್ಟಿದ್ರೆ ಜೀತ, ಹಾದರಕ್ ಹುಟ್ಟಿದ್ರೆ ಬಿಡುಗಡೆ. ಚೆಂದಾಗೈತೆ ಸ್ವಾಮಿ ನಿಮ್ ಕಾನೂನು. ಅವ್ವನ್ನ ಇನ್ನೊಂದ್ ಸಲ ಕೇಳ್ಬೇಕಾಗಿತ್ತು, ನನ್ನೂ ಹಂಗೇ ಹೆತ್ತೆ ಅಂತ ಹೇಳ್ತಿದ್ಲೇನೋ.”

ವಾರಿನ್ ‘ತಮ್ಮಾ’ ಎಂದು ಕರೆಯಹೋದ. ಹತ್ತಿರದಲ್ಲೇ ಫುಲ್ಕನ ಕಾರಭಾರಿ ನಿಂತು ಕಿವಿ ನಿಮಿರಿಸಿದ್ದ. ವಾರಿನ್ ಬಾಯಿ ಮುಚ್ಚಿಕೊಂಡು ಕುದುರೆ ಹತ್ತಿದ.

ಗೆದ್ದ ಹುಲ್ಲುಗಾವಲಿನಲ್ಲಿ ಆ ವರ್ಷ ಹುಲ್ಲು ಎದೆಯೆತ್ತರ ಬೆಳೆಯಿತು, ಕೊಯ್ಲು ಮಾತ್ರ ಯಾವ ಮದುವೆಗೂ ಆಗಲಿಲ್ಲ. ಗಂಡಿನ ಕಡೆಯವರು ಒಂದು ಸಾಲು ಬರೆದು ಕೈ ತೊಳೆದುಕೊಂಡರು. ಯಾರ ಮಗನೂ ಅಲ್ಲದವನ ಮಗಳನ್ನು ತಂದುಕೊಂಡರೆ ತಮ್ಮ ಮೊಮ್ಮಕ್ಕಳಿಗೆ ತಾತ ಎಲ್ಲಿಂದ ತರುವುದು? ರಾಜನ ಆಲೋಚನಾ ಸಭೆಯಿಂದಲೂ ಒಂದು ಕಾಗದ ಬಂತು. ನಿಮಗೆ ವಯಸ್ಸಾಯಿತು, ವಿಶ್ರಾಂತಿ ತೆಗೆದುಕೊಳ್ಳಿ ಎಂದು ಬಹಳ ಮರ್ಯಾದೆಯಿಂದ ಬರೆದಿದ್ದರು.

ಇಡೋನಿಯಾ ಅಳಲಿಲ್ಲ. ಗೋಡೆಯಿಂದ ವಂಶಾವಳಿಯನ್ನು ಇಳಿಸಿ, ಕತ್ತರಿಯಲ್ಲಿ ಗುಂಡಗೆ ಕತ್ತರಿಸಿ ಬೆಣ್ಣೆ ಜಾಡಿಗಳ ಬಾಯಿಗೆ ಕಟ್ಟಿದಳು. ಬಾಣ ತಗಲಿದ ಮುತ್ತಾತ ಉಪ್ಪು ಹಾಕಿದ ಹೆರಿಂಗ್ ಮೀನಿನ ಜಾಡಿಯ ಮೇಲೆ ಕೂತ.

“ಜೀತದವರ ಮನೆತನ ಅಂತ ನನಗೆ ಬೇಜಾರಿಲ್ಲ ಅಪ್ಪಾ,” ಎಂದಳು. “ಇಪ್ಪತ್ತು ವರ್ಷ ನನಗೊಬ್ಬಳು ಅಜ್ಜಿ ಇದ್ದಳು. ಅರ್ಧ ದಿನದ ದಾರಿ. ಅದನ್ನ ನನಗೆ ಕೋರ್ಟಿನ ಗುಮಾಸ್ತನ ಹೆಂಡತಿ ಹೇಳಬೇಕಾಯ್ತಾ?”

ಅವತ್ತಿನಿಂದ ಅವಳು ಅಪ್ಪನನ್ನು ಕೇಳದೆ ಥಾರ್ನ್‌ಕೋಟಿಗೆ ಹೋಗಿ ಬರತೊಡಗಿದಳು. ಅಲ್ಲಿಯ ಸುದ್ದಿ ಅವಳ ಬಾಯಿಂದಲೇ ಬರುತ್ತಿತ್ತು. ಜೀತದ ಹೆಂಗಸು ಮದುವೆಯಿಲ್ಲದೆ ಹೆತ್ತರೆ ಒಡೆಯನಿಗೆ ದಂಡ ತೆರಬೇಕು. ಸರ್ ಫುಲ್ಕ್ ತನ್ನ ಹಳ್ಳಿ ಪಂಚಾಯಿತಿ ಕೂಡಿಸಿ, ಐವತ್ತೆಂಟು ವರ್ಷ ತಡವಾಗಿಯಾದರೂ ಸರಿ, ಎಪ್ಪತ್ತೆಂಟರ ಮುದುಕಿಗೆ ಆ ದಂಡ ಹಾಕಿದ. ಕೊಟ್ಟಿಗೆಯಲ್ಲಿದ್ದ ಒಂದೇ ಹಸುವನ್ನು ಕಾರಭಾರಿ ಹೊಡೆದುಕೊಂಡು ಹೋದ. ವಾರಿನ್ ಕಾನೂನಿನ ಮೂಲೆಮೂಲೆ ಹುಡುಕಿದ. ಎಲ್ಲೂ ತಪ್ಪಿರಲಿಲ್ಲ, ಎಲ್ಲ ಕ್ರಮವಾಗಿಯೇ ಇತ್ತು. ಒಂದು ಹಸು ಕೊಂಡು ಕಳಿಸಿದ. ಸೀವಾರ್ಡ್ ಅದನ್ನು ಬೇಲಿಯ ಹೊರಗಿನಿಂದಲೇ ತಿರುಗಿಸಿ, ‘ಹೊರಗಿನೋರ ದಾನ ನಮಗ್ ಬೇಡ’ ಎಂದು ಹೇಳಿ ಕಳಿಸಿದ.

ಚಳಿಗಾಲದ ಕೊನೆಗೆ ಎಡಿವ ಸತ್ತಳು. ಇಡೋನಿಯಾ ಅಲ್ಲೇ ಇದ್ದಳು. “ಬರ್ತಾನೆ, ಮಾತು ಕೊಟ್ಟವ್ನೆ ಅಂತ ಅಜ್ಜಿ ಊರಿಗೆಲ್ಲ ಹೇಳಿಟ್ಟಿದಾರೆ. ಚಟ್ಟದ ಮುಂದಿನ ಒಂದು ಕಡೆ ನಿಮಗಾಗಿ ಖಾಲಿ ಬಿಟ್ಟಿದಾರೆ,” ಎಂದು ಹೇಳಿಕಳಿಸಿದಳು.

ವಾರಿನ್ ಹೋದ. ಹೋಗಲಿಲ್ಲ ಎಂದು ಯಾರೂ ಹೇಳುವ ಹಾಗಿಲ್ಲ. ಸ್ಮಶಾನದ ಗೇಟಿನಲ್ಲಿ ಕುದುರೆ ಇಳಿದಾಗ ಬೆಳಗಿನ ಬಿಸಿಲು ಬಿದ್ದಿತ್ತು. ಚಟ್ಟವನ್ನು ಗೇಟಿನ ಕಲ್ಲಿನ ಮೇಲೆ ಇಳಿಸಿದ್ದರು. ಮುಂದೆ ಎಡಗಡೆ ಸೀವಾರ್ಡ್, ಹಿಂದೆ ಅವನ ಮಗ ಮತ್ತು ಒಬ್ಬ ನೆರೆಯವನು. ಮುಂದಿನ ಬಲಗಡೆ ಯಾರೂ ಇರಲಿಲ್ಲ.

ಗೇಟಿನ ಇನ್ನೊಂದು ಬದಿಗೆ ಫುಲ್ಕನ ಕಾರಭಾರಿ ನಿಂತಿದ್ದ. ಜೊತೆಗೆ ಇಬ್ಬರು ಸಾಕ್ಷಿಗಳು, ಶಾಯಿಕುಡಿಕೆ ಹಿಡಿದ ಒಬ್ಬ ಗುಮಾಸ್ತ.

“ಬನ್ನಿ ಸ್ವಾಮಿ, ಬನ್ನಿ,” ಎಂದ ಕಾರಭಾರಿ. “ಮಗ ಅಂತ ಹೆಗಲು ಕೊಡೋದಾದ್ರೆ ಕೊಡಿ. ನಮ್ಮದೇನೂ ಅಡ್ಡಿಯಿಲ್ಲ. ಬರ್ಕೋತೀವಿ, ಅಷ್ಟೇ.”

ವಾರಿನ್‌ಗೆ ಬಿಡಿಸಿ ಹೇಳಬೇಕಾಗಿರಲಿಲ್ಲ. ತಾನೇ ಮುಂದೆ ಬಂದು ಇವರ ರಕ್ತ ನನ್ನದು ಎಂದು ಒಪ್ಪಿಕೊಂಡವನನ್ನು ಯಾವ ತೀರ್ಪೂ ಕಾಯುವುದಿಲ್ಲ. ಅವನು ಇಡೋನಿಯಾಳ ಕಡೆ ನೋಡಿದ. ಇವಳಿಗಾಗಿ ತಾನು ಹಿಂದೆ ನಿಲ್ಲಲೇಬೇಕು ಎಂದು ಮನಸ್ಸಿನಲ್ಲೇ ವಾದ ಹೂಡಿದ, ಒಳ್ಳೆಯ ವಾದ. ಆಗ ಇಡೋನಿಯಾ ಹೆಂಗಸರ ಗುಂಪಿನಿಂದ ಮುಂದೆ ಬಂದು, ಎಲ್ಲರೆದುರಿಗೆ ಚಟ್ಟದ ಮೇಲೆ ಬಾಗಿ, “ಅಜ್ಜೀ!” ಎಂದು ಗಟ್ಟಿಯಾಗಿ ಕೂಗಿ ಅತ್ತಳು. ಗುಮಾಸ್ತ ಲೇಖನಿ ಅದ್ದಿದ. ಕಾರಭಾರಿ ಅವನ ಕೈ ತಡೆದ.

“ಬಿಡೋ. ಹೆಂಗಸು. ರಕ್ತದ ವಿಷಯದಲ್ಲಿ ಹೆಂಗಸರ ಮಾತು ಲೆಕ್ಕಕ್ಕಿಲ್ಲ.”

ವಾರಿನ್‌ನ ವಾದ ಅಲ್ಲಿಗೆ ಬಿದ್ದುಹೋಯಿತು. ಜೀತ ಬಂದರೆ ಬರಲಿ ಎಂದು ಅವಳೇ ಮುಂದೆ ಬಂದಿದ್ದಳು. ಮಗಳಿಗೆ ಅಳುವ ಸ್ವಾತಂತ್ರ್ಯವಿತ್ತು. ಇಲ್ಲದಿದ್ದದ್ದು ಅವನೊಬ್ಬನಿಗೆ. ಉಳಿದದ್ದು ತನ್ನ ಮೈಮೇಲಿನ ತುಪ್ಪಟದ ನಿಲುವಂಗಿ, ತನ್ನ ಮನೆ, ತನ್ನ ಹುಲ್ಲುಗಾವಲು. ಖಾಲಿ ಜಾಗ ಆರು ಹೆಜ್ಜೆ ದೂರದಲ್ಲಿತ್ತು. ಸೀವಾರ್ಡ್ ಇವನ ಕಡೆ ನೋಡುತ್ತ ಸ್ವಲ್ಪ ಹೊತ್ತು ಕಾದ, ನಿಜವಾಗಿಯೂ ಕಾದ. ವಾರಿನ್‌ನ ಕಾಲು ಏಳಲಿಲ್ಲ.

ಕೊನೆಗೆ ಹಿಂದಿನಿಂದ ಯಾರೋ ಒಬ್ಬ ಕುಂಬಾರ ಬಂದು ಹೆಗಲು ಕೊಟ್ಟ. ಅವನು ಎತ್ತರದ ಆಳು. ಚಟ್ಟ ಸೀವಾರ್ಡನ ಕಡೆಗೆ ವಾಲಿತು, ಹೆಣದ ತಲೆ ಒಂದು ಪಕ್ಕಕ್ಕೆ ಹೊರಳಿತು. ಹಾಗೇ ಹೊತ್ತುಕೊಂಡು ಹೋದರು.

ಮಣ್ಣು ಮಾಡಿದ ಮೇಲೆ ಆ ಊರಲ್ಲಿ ರೊಟ್ಟಿ ಹಂಚುತ್ತಾರೆ. ಮನೆಯವರಿಗಲ್ಲ, ಸತ್ತವರಿಗಾಗಿ ಪ್ರಾರ್ಥಿಸಲೆಂದು ಗೇಟಿನ ಹೊರಗೆ ಸಾಲು ನಿಂತ ಭಿಕ್ಷುಕರಿಗೆ, ದಾರಿಹೋಕರಿಗೆ, ಹೊರಗಿನವರಿಗೆ. ಸೀವಾರ್ಡ್ ಬುಟ್ಟಿ ಹಿಡಿದುಕೊಂಡು ಸಾಲಿನುದ್ದಕ್ಕೂ ಬಂದ. ಒಬ್ಬ ಕುಂಟನಿಗೆ ಕೊಟ್ಟ, ಮಗು ಎತ್ತಿಕೊಂಡಿದ್ದ ಹೆಂಗಸಿಗೆ ಕೊಟ್ಟ. ಗೇಟು ದಾಟದೆ ಹೊರಗೇ ಉಳಿದಿದ್ದ ವಾರಿನ್‌ನ ಮುಂದೆ ನಿಂತ. ಮುಖದಲ್ಲಿ ಸಿಟ್ಟಿರಲಿಲ್ಲ, ಗುರುತೂ ಇರಲಿಲ್ಲ. ಕಪ್ಪು ರೊಟ್ಟಿಯ ಒಂದು ತುಂಡನ್ನು ಅವನ ಕೈಯಲ್ಲಿಟ್ಟ.

“ನಮ್ಮವ್ವನಿಗೋಸ್ಕರ ಒಂದ್ ಪ್ರಾರ್ಥನೆ ಮಾಡಿ ಸ್ವಾಮಿ,” ಎಂದು ಹೇಳಿ, ಮುಂದಿನವನ ಕಡೆಗೆ ಹೋದ.

ಕಾರಭಾರಿ ಇನ್ನೂ ನೋಡುತ್ತಿದ್ದ. ರೊಟ್ಟಿ ಬೇಡವೆಂದರೆ ಮನೆಯವನೆಂದಾಗುತ್ತದೆ. ವಾರಿನ್ ಅದನ್ನು ಬಾಯಿಗಿಟ್ಟು ಅಗಿದ. ಮೇಲೆ ಗಟ್ಟಿ, ಒಳಗೆ ಚೆನ್ನಾಗಿಯೇ ಇತ್ತು.